ಬಚ್ಚಲ ಗೋಡೆಯ ಹಸಿ ಕೈ

ನಾವು ಮೂವರು ಒಬ್ಬರ ಮುಖ ಒಬ್ಬರು ನೋಡುವುದಕ್ಕೂ ಎರಡು ವರ್ಷ ಮೊದಲೇ ಗೆಳತಿಯರಾಗಿದ್ದೆವು. ನಮ್ಮನ್ನು ಕೂಡಿಸಿದ್ದು ಒಂದು ಮಿಕ್ಸರ್.

ಫೇಸ್‌ಬುಕ್ಕಿನಲ್ಲಿ ನಮ್ಮ ಜಿಲ್ಲೆಯವರು ಹಳೆಯ ಸಾಮಾನು ಮಾರುವ, ಕೊಳ್ಳುವ ಗುಂಪೊಂದಿದೆ. ಅಲ್ಲಿ ಯಾರೋ ಹಾಕಿದ್ದ ಮಿಕ್ಸರ್ ಚಿತ್ರದ ಕೆಳಗೆ ನಾನು, ‘ಇದನ್ನ ತಗೋಬ್ಯಾಡ್ರಿ, ಶೇಂಗಾ ಹಾಕಿದ್ರ ಮುಚ್ಚಳ ಹಾರ್ತದ’ ಎಂದು ಬರೆದೆ. ಐದು ನಿಮಿಷಕ್ಕೆ ಯಾದಗಿರಿಯಿಂದ ಒಬ್ಬಾಕೆ, ‘ನಂದೂ ಹಾರಿ ಛತ್ತಿಗೆ ಬಡದದ, ಚಟ್ನಿ ಇನ್ನೂ ಅಲ್ಲೇ ಅದ’ ಎಂದಳು. ಸುರಪುರದಿಂದ ಮತ್ತೊಬ್ಬಾಕೆ, ‘ನಮ್ಮದು ಮುಚ್ಚಳ ಹಾರಲ್ರಿ, ಮಿಕ್ಸರೇ ನಡ್ಕೋತ ಹೋಗ್ತದ. ಕಟ್ಟಿ ಮ್ಯಾಲಿಂದ ಬೀಳೋದ್ರಾಗ ಹಿಡೀಬೇಕು’ ಎಂದಳು. ನಾನು ಗ್ರಂಥಾಲಯದ ಮೇಜಿನ ಹಿಂದೆ ಕೂತು ಒಬ್ಬಳೇ ನಕ್ಕೆ. ಓದುತ್ತಿದ್ದ ಇಬ್ಬರು ವಿದ್ಯಾರ್ಥಿನಿಯರು ತಲೆ ಎತ್ತಿ ನೋಡಿದರು.

ವಾರದೊಳಗೆ ನಮ್ಮದೇ ವಾಟ್ಸಪ್ ಗುಂಪಾಯಿತು. ಹೆಸರು ‘ಕಿರಿಕಿರಿ’. ಅದರಲ್ಲಿ ಶುಭೋದಯ ಹೇಳುವಂತಿರಲಿಲ್ಲ, ದೇವರ ಫೋಟೋ ಹಾಕುವಂತಿರಲಿಲ್ಲ, ಮಕ್ಕಳ ಅಂಕ ಹೇಳುವಂತಿರಲಿಲ್ಲ. ಆ ದಿನ ತಲೆ ಕೆಡಿಸಿದ ಸಣ್ಣ ಸಂಗತಿ ಒಂದನ್ನು ಹೇಳಬೇಕು, ಉಳಿದಿಬ್ಬರು ಸಮಾಧಾನ ಮಾಡದೆ ಕೇಳಬೇಕು. ಯಾದಗಿರಿಯಾಕೆ ನಮ್ಮಿಬ್ಬರಿಗಿಂತ ದೊಡ್ಡವಳು. ಸ್ಟೇಷನ್ ಕಡೆ ಹೋಗುವ ರಸ್ತೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದಳು. ಮನೆಯಲ್ಲಿ ದಖ್ಖನಿ ಉರ್ದು, ಅಂಗಡಿಯಲ್ಲಿ ಕನ್ನಡ. ನಾವು ಆಕೆಯನ್ನು ಆಪಾ ಎನ್ನುತ್ತಿದ್ದೆವು. ‘ಹತ್ತು ವರ್ಷದ ಹಿಂದಿನ ಬ್ಲೌಸ್ ತಂದು ಇದೇ ಅಳತಿಗೆ ಹೊಲಿ ಅಂತಾರ. ಆಮ್ಯಾಲ ಬಂದು, ಕೈ ಆಡಲ್ಲಂದ್ರ ಹ್ಯಾಂಗ ಹೊಲದಿ ಅಂತ ನನಗೇ ಕೇಳ್ತಾರ’ ಎನ್ನುವುದು ಆಕೆಯ ತಿಂಗಳಿಗೆರಡು ಸಲದ ದೂರು. ನಾನು ಶಹಾಪುರದ ಕಾಲೇಜೊಂದರಲ್ಲಿ ಪುಸ್ತಕ ಕೊಡುವ, ತೆಗೆದುಕೊಳ್ಳುವ ಕೆಲಸದವಳು. ಮರಳಿ ಬಂದ ಪುಸ್ತಕದೊಳಗೆ ಗುರುತಿಗೆಂದು ಇಟ್ಟ ಒಣಗಿದ ರೊಟ್ಟಿ ತುಣುಕು ಸಿಕ್ಕ ದಿನ ಗುಂಪಿಗೆ ನಾನೇ ರಾಣಿ.

ಸುರಪುರದಾಕೆ ನಮ್ಮಲ್ಲಿ ಚಿಕ್ಕವಳು. ನನಗೆ ಅಕ್ಕಾ ಎನ್ನುತ್ತಿದ್ದಳು. ಗಂಡ ಕಡೇಚೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಒಂಬತ್ತು ವರ್ಷದ ಒಬ್ಬಳೇ ಮಗಳು. ಆಕೆ ಬರೆಯುವುದು ಕಡಿಮೆ, ಧ್ವನಿ ಕಳಿಸುವುದು ಹೆಚ್ಚು. ಬೀಸಿದ ಜೋಳದ ಹಿಟ್ಟಿನ ಹಾಗೆ ತುಸು ಒರಟು, ಬೆಚ್ಚಗಿನ ದನಿ. ‘ಅಕ್ಕಾ, ಕೇಳ್ರಿಲ್ಲಿ’ ಎಂದೇ ಶುರು. ಮಧ್ಯಾಹ್ನ ಎರಡರ ಸುಮಾರಿಗೆ, ಗ್ರಂಥಾಲಯ ಖಾಲಿಯಾಗುವ ಹೊತ್ತಿಗೆ, ನಾನು ಕಿವಿಗೆ ವೈರು ಸಿಗಿಸಿಕೊಂಡು ಆ ದನಿಗಾಗಿ ಕಾಯುತ್ತಿದ್ದೆ.

ಮೂರನೇ ವರ್ಷದ ಬೇಸಿಗೆಗೆ ಮುಂಚೆ ಆಕೆ ಮನೆ ಬದಲಿಸಿದಳು. ಬಾಡಿಗೆ ಮನೆ ಬಿಟ್ಟು ಅದೇ ಊರಿನ ರಂಗಂಪೇಟೆಯಲ್ಲಿ ಹಳೆಯದೊಂದು ಮನೆ ಕೊಂಡಿದ್ದರು. ಮುಂದಿನ ಕೋಣೆಗೆ ಹೊಸ ಟೈಲ್ಸ್ ಹಾಕಿಸಿ, ಅಡುಗೆಮನೆ, ಬಚ್ಚಲು ಎರಡನ್ನೂ ಹಾಗೇ ಬಿಟ್ಟು ಹೊಕ್ಕಿದ್ದರು. ಒಂದೆರಡು ವಾರ ಸಾಮಾನು ಸಿಗದ ಕಿರಿಕಿರಿ, ಬೀಗ ಹತ್ತದ ಕಿರಿಕಿರಿ. ಆಮೇಲೊಂದು ದಿನ ಈ ಮಾತು ಬಂತು.

‘ಅಕ್ಕಾ, ಕೇಳ್ರಿಲ್ಲಿ. ನನ್ನ ಮಗಳಿಗೆ ಹೊಸ ಚಟ ಹತ್ಯಾದ. ಬಚ್ಚಲದಾಗ ಕೈ ತೊಳಕೊಂಡು ಬಾಗಲ ಬಾಜೂಕಿನ ಗ್ವಾಡಿಗೆ ಒರಸ್ತಾಳ. ದಿನಾ ಅದೇ ಜಾಗಾ. ನಾ ಅಲ್ಲ ಅಂತಾಳ ಮತ್ತ.’

‘ಅಲ್ಲೇ ಒಂದು ಟವೆಲ್ ತೂಗ್ಹಾಕು’ ಎಂದಳು ಆಪಾ.

ಟವೆಲ್ ಬಂತು. ಗೋಡೆ ಮಾತ್ರ ಹಸಿಯಾಗುತ್ತಲೇ ಇತ್ತು. ಇದು ನಮ್ಮ ಗುಂಪಿನಲ್ಲಿ ಮಿಕ್ಸರ್, ರೊಟ್ಟಿ ತುಣುಕುಗಳ ಸಾಲಿಗೆ ಸೇರಿದ ಇನ್ನೊಂದು ಮಾತಾಯಿತು. ನಾನೂ ನಗುವ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದೆ. ಒಂದು ದಿನ ಆಕೆ, ‘ನೀವೇ ನೋಡ್ರಿ’ ಎಂದು ಫೋಟೋ ಕಳಿಸಿದಳು.

ಚಿತ್ರದಲ್ಲಿ ಬಚ್ಚಲ ಬಾಗಿಲ ಪಕ್ಕದ ಸುಣ್ಣದ ಗೋಡೆ ಇತ್ತು. ಸೊಂಟಕ್ಕಿಂತ ತುಸು ಕೆಳಗೆ, ಒಂದು ಅಂಗೈಯಗಲದ ಹಸಿ ಗುರುತು. ಅದರ ಮೇಲೆ ಗೋಡೆಯಲ್ಲಿ ದೀಪ ಇಡುವ ಚಿಕ್ಕ ಗೂಡು. ಗೂಡಿನ ಬಲ ಮೂಲೆ ಮುರಿದು, ಒಳಗಿನ ಇಟ್ಟಿಗೆ ಕಾಣುತ್ತಿತ್ತು. ಬಾಗಿಲ ಚೌಕಟ್ಟಿನಲ್ಲಿ ಮೂರು ಹಿತ್ತಾಳೆ ಮೊಳೆ, ನಾಲ್ಕನೆಯದರ ಜಾಗದಲ್ಲಿ ತೂತು.

ಆ ತೂತಿನೊಳಗೆ ನಾನು ಬೆರಳು ಹಾಕಿ ಆಡಿದ್ದೆ. ಗೂಡಿನ ಮೂಲೆ ಮುರಿದದ್ದು ನನ್ನಪ್ಪ ಸುತ್ತಿಗೆ ಇಡಲು ಹೋದಾಗ. ಅದು ನಾವಿದ್ದ ಮನೆ.

ಅಪ್ಪ ಸರ್ವೇ ಇಲಾಖೆಯಲ್ಲಿದ್ದ. ಹೊಲ ಅಳೆಯಲು ಸರಪಳಿ ತೆಗೆದುಕೊಂಡು ಹಳ್ಳಿಗಳಿಗೆ ಹೋದರೆ ನಾಲ್ಕು ದಿನ, ಐದು ದಿನ ಬರುತ್ತಿರಲಿಲ್ಲ. ಸುರಪುರಕ್ಕೆ ವರ್ಗವಾದಾಗ ನಾವು ರಂಗಂಪೇಟೆಯ ಆ ಮನೆಯಲ್ಲಿ ಮೂರು ವರ್ಷ ಬಾಡಿಗೆಗಿದ್ದೆವು. ಹೋದಾಗ ನನಗೆ ಒಂಬತ್ತು. ಆ ಮೂರು ವರ್ಷದಲ್ಲಿ ಅವ್ವ ನನ್ನನ್ನು ಹೊಡೆದದ್ದಕ್ಕೆಲ್ಲ ಕಾರಣ ಒಂದೇ. ಬಚ್ಚಲ ಗೋಡೆಗೆ ಹಸಿ ಕೈ ಒರೆಸುತ್ತೇನೆ ಎನ್ನುವುದು.

ನಾನು ಒರೆಸುತ್ತಿರಲಿಲ್ಲ. ಮೊದಮೊದಲು ಹಾಗೆಂದು ಆಣೆ ಮಾಡಿ ಹೇಳಿದೆ. ಅವ್ವ ಹುಣಸೆ ಬರಲು ತಂದು ಮೊಣಕಾಲ ಹಿಂದೆ ಬಾರಿಸಿದಳು. ಹೊಡೆತಕ್ಕಿಂತ ಹೆಚ್ಚು ನೋಯಿಸಿದ್ದು ಆಮೇಲಿನ ಮಾತು. ‘ಗ್ವಾಡಿ ಕಡಿ ಮುಖಾ ಮಾಡಿ ನಿಂದ್ರು. ನಾನೇ ಮಾಡೀನಿ ಅನ್ನು.’ ಒಂದು ದಿನ ಅಂದೆ. ಅಂದ ಮೇಲೆ ಆ ದಿನದ ಹೊಡೆತ ನಿಂತಿತು. ಆದರೆ ಆಮೇಲೆ ನನಗೇ ನನ್ನ ಕೈಗಳ ಮೇಲೆ ಸಂಶಯ ಬಂತು. ನನಗೆ ಗೊತ್ತಾಗದ ಹಾಗೆ ಅವು ಹೋಗಿ ಒರೆಸಿ ಬರುತ್ತಿರಬಹುದೇ? ಬಚ್ಚಲಿನಿಂದ ಹೊರಗೆ ಬರುವಾಗ ಎರಡೂ ಕೈಯನ್ನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡು ಬರುತ್ತಿದ್ದೆ. ಶಾಲೆಯಲ್ಲಿ ಬರೆಯುತ್ತ ಬರೆಯುತ್ತ ನಿಲ್ಲಿಸಿ ಅಂಗೈ ತಿರುಗಿಸಿ ನೋಡುತ್ತಿದ್ದೆ. ಈಗಲೂ ಒಮ್ಮೊಮ್ಮೆ ನೋಡಿಕೊಳ್ಳುತ್ತೇನೆ.

ಫೋಟೋ ನೋಡಿದ ದಿನ ನಾನು ಗುಂಪಿನಲ್ಲಿ ಏನೂ ಬರೆಯಲಿಲ್ಲ. ಏನೆಂದು ಬರೆಯಲಿ? ಈಗಷ್ಟೇ ಸ್ವಂತ ಮನೆ ಮಾಡಿಕೊಂಡವಳಿಗೆ, ಗಂಡ ವಾರವಿಡೀ ಊರಲ್ಲಿರದವಳಿಗೆ, ನಿನ್ನ ಗೋಡೆಯ ಗುರುತು ಮೂವತ್ತೈದು ವರ್ಷ ಹಳೆಯದು ಎನ್ನಲೇ?

ಮನೆಗೆ ಹೋಗಿ ಅವ್ವನಿಗೆ ಫೋಟೋ ತೋರಿಸಿದೆ. ನಮ್ಮ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿದೆ. ಅವ್ವ ಕನ್ನಡಕ ಸರಿಮಾಡಿಕೊಂಡು ಫೋನನ್ನು ದೂರ ಹಿಡಿದು ನೋಡಿದಳು. ಎಲ್ಲಿಯದು ಎಂದು ಕೇಳಲಿಲ್ಲ. ಫೋನನ್ನು ಮಂಚದ ಮೇಲೆ ಬೋರಲು ಹಾಕಿ, ‘ಆ ಮನಿ ಮಾತು ತೆಗೀಬ್ಯಾಡ’ ಎಂದಳು.

‘ಅಲ್ಲಿ ಇರಾಕಿ ನನ್ನ ಗೆಳತಿ, ಅವ್ವ.’

‘ಇದ್ರ ಇರ್ಲಿ. ತೆಗೀಬ್ಯಾಡಂದೆ.’

ಸುಮ್ಮನಾದೆ. ಸುಮ್ಮನಿರುವುದೂ ಒಂದು ಸುಳ್ಳೇ ಎಂದು ಆ ದಿನಗಳಲ್ಲಿ ಗೊತ್ತಾಯಿತು. ಸುರಪುರದಾಕೆ ಗೋಡೆಯ ಮಾತೆತ್ತಿದಾಗಲೆಲ್ಲ ನಾನು ಬೇರೆ ಮಾತು ತರುತ್ತಿದ್ದೆ. ನೀರಿನ ಮೋಟರು, ಕರೆಂಟು, ಕಾಲೇಜಿನ ಫ್ಯಾನು. ಆದರೆ ಒಳಗೊಳಗೆ, ಆಕೆ ಕಳಿಸುವ ಧ್ವನಿಯಲ್ಲಿ ಕೇಳುವ ಆ ಮನೆಯ ಪ್ರತಿಯೊಂದು ಶಬ್ದಕ್ಕೂ ಕಿವಿ ಕೊಟ್ಟಿದ್ದೆ. ಅಡುಗೆಮನೆಯ ಬಾಗಿಲು ಕಿರ್ರೆಂದರೆ, ಎಳೆಯುವಾಗ ತುಸು ಎತ್ತಿ ಎಳೆಯಬೇಕಲ್ಲ ಎಂದು ನನ್ನ ಕೈಗೇ ನೆನಪಾಗುತ್ತಿತ್ತು.

ಒಂದು ಮಧ್ಯಾಹ್ನ ಆಕೆ ಗ್ಯಾಸ್ ಸಿಲಿಂಡರಿನ ಬಗ್ಗೆ ಒಂದು ನಿಮಿಷದ ಧ್ವನಿ ಕಳಿಸಿದಳು. ಬುಕ್ ಮಾಡಿ ಎಂಟು ದಿನವಾದರೂ ಬಂದಿಲ್ಲ, ಕೇಳಿದರೆ ನಿಮ್ಮ ಓಣಿ ಸಿಗಲಿಲ್ಲ ಅನ್ನುತ್ತಾರೆ ಎನ್ನುವ ದೂರು. ನಾನು ಕೇಳುತ್ತಿದ್ದೆ. ಆಕೆಯ ಮಾತಿನ ಹಿಂದೆ ನೀರಿನ ಚರಿಗೆ ನೆಲದ ಪರಸಿ ಕಲ್ಲಿಗೆ ತಾಗಿದ ಸದ್ದಾಯಿತು. ನೀರು ಸುರಿದ ಸದ್ದಾಯಿತು. ಸುರಿದು ನಿಂತಿತು. ಆಮೇಲೆ, ಆಕೆ ‘ಓಣಿ ಸಿಗಲ್ಲಂದ್ರ’ ಎನ್ನುವ ಹೊತ್ತಿಗೆ, ಯಾರೋ ದಣಿದವರು ಕೆಳಗಿನಿಂದ ಏಳುವಾಗ ಬಿಡುವ ಉಸಿರು. ಉದ್ದನೆಯದು. ಅಷ್ಟೆ.

ನನಗಿಂತ ಮೊದಲು ಆಪಾ ಬರೆದಳು. ‘ಹಿಂದ ಯಾರು ನೀರು ತಗೋಳ್ಳಾಕತ್ಯಾರ? ಅತ್ತಿ ಬಂದಾರೇನು?’

‘ಯಾರೂ ಇಲ್ಲ ಆಪಾ. ಮಗಳು ಸಾಲ್ಯಾಗ ಅದಾಳ. ನಾ ಒಬ್ಬಾಕೇ ಅದೀನಿ.’

ಆಕೆ ತನ್ನದೇ ಧ್ವನಿಯನ್ನು ಮತ್ತೆ ಕೇಳಿರಬೇಕು. ಹತ್ತು ನಿಮಿಷದ ಮೇಲೆ, ‘ಬಾಜೂ ಮನ್ಯಾಗಿಂದು ಇರಬೇಕು’ ಎಂದು ಬರೆದಳು. ನನಗೆ ಗೊತ್ತಿತ್ತು. ಆ ಬಚ್ಚಲಿನ ಹಿಂದೆ ಮನೆಯಿಲ್ಲ, ಬಂಡೆ ಇದೆ.

ಇಷ್ಟಾದರೂ ನಾನು ಹೇಳಲಿಲ್ಲ. ಹೇಳಿದ್ದು ನಾಲ್ಕು ದಿನದ ನಂತರ. ಅಂದು ಆಕೆ ಅಳುತ್ತ ಮಾತಾಡಿದ್ದಳು. ‘ಅಕ್ಕಾ, ನಿನ್ನೆ ಆಕಿಗಿ ಹೊಡದೆ. ಗಲ್ಲದ ಮ್ಯಾಲ ಬೆರಳು ಮೂಡ್ಯಾವ. ಇಷ್ಟು ಸಣ್ಣದಕ್ಕ ಯಾಕ ಹೊಡದೆ ನನಗೇ ತಿಳಿವಲ್ದು. ಈಗ ನೋಡ್ರಿ, ಬಚ್ಚಲದಿಂದ ಬರೂಮುಂದ ಎರಡೂ ಕೈ ಬೆನ್ನ ಹಿಂದ ಕಟ್ಕೊಂಡು ಬರ್ತಾಳ. ನಾ ಹೇಳಿಲ್ಲ. ತಾನೇ.’

ಆ ಕೊನೆಯ ಮಾತನ್ನು ನಾನು ಎರಡನೇ ಸಲ ಕೇಳಲಾರದೆ ಹೋದೆ. ಗ್ರಂಥಾಲಯದ ಹಿಂದಿನ ವರಾಂಡಕ್ಕೆ ಬಂದು ಗುಂಪಿನಲ್ಲಿ ಎಲ್ಲವನ್ನೂ ಹೇಳಿದೆ. ಗೂಡಿನ ಮೂಲೆ, ನಾಲ್ಕನೇ ಮೊಳೆ, ಹುಣಸೆ ಬರಲು, ಕಂಕುಳಲ್ಲಿ ಒತ್ತಿಕೊಂಡ ಕೈ. ಐದು ನಿಮಿಷದ ಧ್ವನಿಯಾಯಿತು. ಕೊನೆಗೆ, ‘ಆ ಕೂಸು ಮಾಡಿಲ್ಲವ್ವ. ನಾನೂ ಮಾಡಿದ್ದಿಲ್ಲ’ ಎಂದೆ.

ಕೇಳಿದ ಗುರುತು ಬಿತ್ತು. ಆಮೇಲೆ ಆಕೆ ಗುಂಪಿನಿಂದ ಹೊರಗೆ ಹೋದಳು ಎಂಬ ಒಂದು ಸಾಲು ಮಾತ್ರ ಬಂತು.

‘ಗುಸ್ಸಾ ಆಗ್ಯಾಳ’ ಎಂದಳು ಆಪಾ ಫೋನ್ ಮಾಡಿ. ನಮ್ಮಿಬ್ಬರದು ಅದೇ ಮೊದಲ ಫೋನು. ‘ನೀ ಮೊದ್ಲೇ ಯಾಕ ಹೇಳ್ಲಿಲ್ಲ? ನಾ ಆಕಿ ಜಾಗಾದಾಗ ಇದ್ರ ನಿನ್ನ ಮುಖಾನೇ ನೋಡ್ತಿದ್ದಿಲ್ಲ.’

‘ಮುಖಾ ಇನ್ನೂ ಯಾರು ನೋಡ್ಯಾರ ಆಪಾ?’ ಎಂದೆ. ಇಬ್ಬರಿಗೂ ನಗು ಬರಲಿಲ್ಲ.

ಮೂರನೇ ದಿನ ನನಗೊಬ್ಬಳಿಗೇ ಸಂದೇಶ ಬಂತು. ‘ಐತವಾರ ಬರ್ರಿ. ನಮ್ಮನಿಯವರು ಈ ವಾರ ಬರಲ್ಲ. ಆಪಾಗೂ ಕರ್ಕೊಂಡು ಬರ್ರಿ. ನನ್ನ ಮುಂದ ಕುಂತು ನೋಡ್ರಿ. ನೋಡಿ ಹೇಳ್ರಿ.’

ಭಾನುವಾರ ಆಪಾ ಯಾದಗಿರಿಯಿಂದ ಭೀಮಾ ಸೇತುವೆ ದಾಟಿ ಶಹಾಪುರಕ್ಕೆ ಬಂದಳು. ಬಸ್‌ಸ್ಟ್ಯಾಂಡಿನಲ್ಲಿ ನೂರು ಜನರ ನಡುವೆ, ಕಪ್ಪು ಬುರ್ಖಾದ ಎತ್ತರದ ಹೆಂಗಸು ನೇರ ನನ್ನ ಕಡೆಗೆ ನಡೆದು ಬಂದು, ನನ್ನ ಬ್ಲೌಸಿನ ತೋಳು ಹಿಡಿದು ನೋಡಿ, ‘ಯಾರು ಹೊಲದಾರ ಇದನ್ನ? ಭುಜ ಇಳದದ’ ಎಂದಳು. ಎರಡು ವರ್ಷದ ಗೆಳೆತನದ ಮೊದಲ ಭೇಟಿ ಅದು. ಸುರಪುರದ ಬಸ್ಸಿನಲ್ಲಿ ಒತ್ತಿ ಕೂತೆವು. ಕಾಲುವೆ ನೀರುಂಡ ಗದ್ದೆಗಳು, ಆಮೇಲೆ ಬಂಡೆ, ಮತ್ತೆ ಗದ್ದೆ. ಆಪಾ ಕಿಟಕಿಯ ಹೊರಗೆ ನೋಡುತ್ತ, ‘ಅಂಜಿಕಿ ಬರಾಕತ್ಯಾದ ಏನು?’ ಎಂದು ಕೇಳಿದಳು. ನಾನು ಹೌದೆಂದೆ. ‘ನನಗೂ’ ಎಂದಳು.

ಓಣಿ ನನಗೆ ಸಿಗಲಿಲ್ಲ. ಎಲ್ಲ ಕಡೆ ಹೊಸ ಗೇಟು, ಹೊಸ ಬಣ್ಣ. ಆದರೆ ತಿರುವಿನ ಹತ್ತಿರ ಕಾಲು ತಾನೇ ಬಲಕ್ಕೆ ಹೊರಳಿತು. ಬಾಗಿಲಲ್ಲಿ ನಿಂತವಳನ್ನು ಕಂಡು ತಬ್ಬಿಬ್ಬಾದೆ. ದನಿ ಕೇಳಿ ನಾನು ಅಗಲ ಮೈಯ, ದೊಡ್ಡ ಕುಂಕುಮದ ಹೆಂಗಸೊಬ್ಬಳನ್ನು ಮನಸ್ಸಿನಲ್ಲಿ ಮಾಡಿಕೊಂಡಿದ್ದೆ. ನಿಂತಿದ್ದವಳು ಕಡ್ಡಿಯಂಥ ಹುಡುಗಿ. ಕಣ್ಣ ಕೆಳಗೆ ಕಪ್ಪು.

‘ಬರ್ರಿ ಅಕ್ಕಾ. ಬರ್ರಿ ಆಪಾ’ ಎಂದಳು. ದನಿ ಮಾತ್ರ ಅದೇ.

ಮಗಳು ಪಡಸಾಲೆಯಲ್ಲಿ ಕೂತು ಬಣ್ಣ ಹಚ್ಚುತ್ತಿದ್ದಳು. ನಮ್ಮನ್ನು ನೋಡಿ ಎದ್ದು ನಿಂತು ಕೈ ಹಿಂದಕ್ಕೆ ಕಟ್ಟಿಕೊಂಡಳು. ಆಪಾ ಆಕೆಯ ಪಕ್ಕದಲ್ಲಿ ಕೂತು, ‘ಇದು ಆನಿಯೋ, ಎಮ್ಮಿಯೋ?’ ಎಂದು ಚಿತ್ರದ ಬಗ್ಗೆ ಜಗಳ ತೆಗೆದಳು. ನಾನು ಎದ್ದು ಬಚ್ಚಲ ಕಡೆ ಹೋಗಿ ಗೋಡೆ ನೋಡಿದೆ. ಒಣಗಿತ್ತು. ಹಳೆಯ ಗುರುತುಗಳ ಮೇಲೆ ಸುಣ್ಣ ಪುಡಿಪುಡಿಯಾಗಿ ಎದ್ದಿತ್ತು. ಮುಟ್ಟಲಿಲ್ಲ. ಬಚ್ಚಲ ನೆಲವೂ ಒಣಗಿತ್ತು. ಆಕೆ ಹೇಳಿದಳು, ‘ನೀವು ಬರ್ತೀರಂತ ಹನ್ನೊಂದಕ್ಕೇ ಜಳಕಾ ಬಟ್ಟಿ ಎಲ್ಲಾ ಮುಗಿಸೀನಿ. ಆಮ್ಯಾಲ ಯಾರೂ ಒಳಗ ಹೋಗಿಲ್ಲ.’

ಊಟ ಮಾಡಿದೆವು. ಜೋಳದ ರೊಟ್ಟಿ, ಬದನೆಕಾಯಿ, ನಾನು ಒಯ್ದ ಶೇಂಗಾ ಹೋಳಿಗೆ. ಪಡಸಾಲೆಯಲ್ಲಿಯೇ ಕೈ ತೊಳೆಯಲು ತಾಟು ಕೊಟ್ಟಳು. ನಾಲ್ವರೂ ಒಂದೇ ಚಾಪೆಯ ಮೇಲೆ ಕೂತೆವು. ಯಾರೂ ಏಳುವಂತಿಲ್ಲ ಎಂದು ಮಾತಾಡಿಕೊಂಡಿರಲಿಲ್ಲ, ಆದರೆ ಯಾರೂ ಏಳಲಿಲ್ಲ. ಹೊರಗೆ ಬಿಸಿಲು ಬೆಳ್ಳಗೆ ಸುಡುತ್ತಿತ್ತು. ಓಣಿಯಲ್ಲಿ ಒಂದು ಮೋಟರ್‌ಸೈಕಲ್ಲೂ ಇಲ್ಲ. ಫ್ಯಾನು ತಿರುಗುತ್ತಿತ್ತು. ಎರಡರ ಸುಮಾರಿಗೆ ಕರೆಂಟು ಹೋಗಿ ಫ್ಯಾನು ನಿಂತಿತು. ಆಗ ಎಲ್ಲರಿಗೂ ಕೇಳಿತು. ಚರಿಗೆ ಕಲ್ಲಿಗೆ ತಾಗಿದ್ದು. ನೀರು. ಆಮೇಲೆ ಆ ಉಸಿರು.

ಹುಡುಗಿ ಚಿತ್ರದಿಂದ ತಲೆ ಎತ್ತಲಿಲ್ಲ. ‘ದಿನಾ ಬರ್ತದ’ ಎಂದಳು, ಸಪ್ಪಗೆ.

ಆಕೆಯ ತಾಯಿ ನನ್ನ ಮುಂಗೈ ಹಿಡಿದಳು. ಆ ಹಿಡಿತಕ್ಕೆ ಬಳೆ ಚುಚ್ಚಿತು. ಮೊದಲು ಎದ್ದವಳು ಆಪಾ. ಬಾಯಲ್ಲಿ ಏನೋ ಪಠಿಸುತ್ತ ಅಡುಗೆಮನೆ ದಾಟಿ ಹೋದಳು. ನಾವು ಹಿಂದೆ ಹೋದೆವು. ಬಚ್ಚಲ ನೆಲ ಒಣಗಿಯೇ ಇತ್ತು. ಚರಿಗೆ ಗೂಟದ ಮೇಲೆ ಬೋರಲು ತೂಗುತ್ತಿತ್ತು. ಗೋಡೆಯ ಮೇಲೆ ಅಂಗೈ ಗುರುತು ಹಸಿಹಸಿಯಾಗಿತ್ತು. ಅದರ ಬುಡದಿಂದ ಒಂದು ಹನಿ ನೀರು ನಿಧಾನವಾಗಿ ಕೆಳಗೆ ಇಳಿಯುತ್ತಿತ್ತು.

ತಾಯಿ ಹಿಂದೆ ತಿರುಗಿ ಮಗಳನ್ನು ನೋಡಿದಳು. ಅಲ್ಲೇ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು, ಹುಡುಗಿಯ ಎರಡೂ ಕೈಯನ್ನು ಬೆನ್ನ ಹಿಂದಿನಿಂದ ಬಿಡಿಸಿ ತನ್ನ ಮುಖಕ್ಕೆ ಒತ್ತಿಕೊಂಡಳು. ‘ನಾ ಅಲ್ಲಂತ ಹೇಳಿದ್ನಲ್ಲವ್ವ’ ಎಂದಳು ಹುಡುಗಿ. ‘ಹೌದು, ಹೇಳಿದ್ದಿ’ ಎಂದು ತಾಯಿ ಮತ್ತೆ ಮತ್ತೆ ಅನ್ನುತ್ತಿದ್ದಳು. ನಾನು ಗೋಡೆಯ ಕಡೆ ತಿರುಗಿ ನಿಂತೆ. ನನ್ನ ಕಣ್ಣು ಆ ಹುಡುಗಿ ನೋಡಬಾರದು ಅನಿಸಿತು.

ಆಪಾ ಬಗ್ಗಿ ಗುರುತನ್ನೇ ನೋಡುತ್ತಿದ್ದಳು. ಮೂವತ್ತು ವರ್ಷ ಬಟ್ಟೆಯ ಮೇಲೆ ಸುಕ್ಕು, ಎಳೆತ ನೋಡಿದ ಕಣ್ಣು.

‘ಇದು ಒರಸಿದ್ದಲ್ಲ’ ಎಂದಳು.

‘ಮತ್ತ?’

‘ಒರಸಿದ್ರ ಬೆರಳು ಎಳದ ಗುರುತು ಬೀಳ್ತದ. ಇಲ್ಲಿ ಎಳದಿದ್ದೇ ಇಲ್ಲ. ಅಂಗೈ ಬುಡದಾಗ ನೀರು ಜಾಸ್ತಿ ಅದ, ಬೆರಳ ತುದ್ಯಾಗ ಕಡಿಮಿ. ಭಾರ ಹಾಕ್ಯಾರ. ಇದು ಊರಿದ್ದು.’ ಚೀಲದಿಂದ ಟೇಪು ತೆಗೆದು ನೆಲದಿಂದ ಗುರುತಿನ ತನಕ ಹಿಡಿದಳು. ಆಮೇಲೆ ಬುರ್ಖಾ ಮಡಚಿಕೊಂಡು ಬಚ್ಚಲ ಬಾಗಿಲ ಪಕ್ಕದ ಗಿಡ್ಡ ಕಲ್ಲಿನ ಮೇಲೆ ಕೂತಳು. ಕಾಲು ತೊಳೆಯಲು ಕೂರುವ ಕಲ್ಲು. ಕೂತು, ‘ನನಗ ಮೊಣಕಾಲು ಬ್ಯಾನಿ ಅದ. ನೋಡ್ರಿ ನಾ ಹ್ಯಾಂಗ ಏಳ್ತೀನಿ’ ಎಂದಳು. ಎಡಗೈ ಗೋಡೆಗೆ ಊರಿದಳು. ಉಸಿರು ಬಿಟ್ಟು ಎದ್ದಳು.

ಕೈ ಸರಿಯಾಗಿ ಆ ಗುರುತಿನ ಮೇಲೆಯೇ ಇತ್ತು. ಆಕೆ ಅದನ್ನು ಒಮ್ಮೆಲೇ ಕಿತ್ತುಕೊಂಡಳು. ಅಂಗೈ ಹಸಿಯಾಗಿತ್ತು. ಆಕೆ ಅದನ್ನು ಬುರ್ಖಾಕ್ಕೆ ಒರೆಸಿಕೊಳ್ಳದೆ, ಒಣಗುವ ತನಕ ಮೈಯಿಂದ ದೂರ ಹಿಡಿದು ನಿಂತಿದ್ದು ನೆನಪಿದೆ.

ಯಾರು ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ. ನಾಲ್ಕರ ಬಸ್ಸಿಗೆ ಹೊರಟೆವು. ಬಾಗಿಲಲ್ಲಿ ಆಕೆ, ‘ಮನಿ ಬಿಡ್ಲೇನ್ರಿ ಅಕ್ಕಾ?’ ಎಂದಳು. ಆಪಾ, ‘ಕೂಸಿಗೆ ಕೇಳು. ಆಕಿ ಅಂಜಿದ್ರ ಬಿಡು’ ಎಂದಳು.

ಅಂದು ಸಂಜೆ ಬೆಳಕಿರುವಾಗಲೇ ಮನೆ ಮುಟ್ಟಿದೆ. ಅವ್ವ ಅಂಗಳದಲ್ಲಿ ಕೂತು ಮೆಂತ್ಯೆ ಸೋಸುತ್ತಿದ್ದಳು. ಎಲ್ಲಿ ಹೋಗಿದ್ದೆ ಎಂದು ಹೇಳಿದೆ. ನೋಡಿದ್ದನ್ನೂ ಹೇಳಿದೆ. ಅವ್ವ ಎಲೆ ಕೀಳುವುದನ್ನು ನಿಲ್ಲಿಸಲಿಲ್ಲ.

‘ನನಗ ಗೊತ್ತಿತ್ತು’ ಎಂದಳು.

‘ಏನು?’

‘ನೀ ಅಲ್ಲ ಅಂತ. ಆ ಮನಿಗೆ ಹೋದ ಮೂರು ತಿಂಗಳಿಗೇ ಗೊತ್ತಾಗಿತ್ತು. ನೀ ಸಾಲ್ಯಾಗಿದ್ದಿ. ನಿಮ್ಮಪ್ಪ ಊರಾಗಿದ್ದಿಲ್ಲ. ನಾ ಅಡಗಿಮನ್ಯಾಗ ಕುಂತಿದ್ದೆ. ನನ್ನ ಕಣ್ಣ ಮುಂದ ಗ್ವಾಡಿ ಹಸಿ ಆತು.’

‘ಮತ್ತ ಆಮ್ಯಾಲ ಯಾಕ ಹೊಡದಿ? ಮೂರು ವರ್ಷ ಹೊಡದ್ಯಲ್ಲ.’

ಅವ್ವ ಮೊರವನ್ನು ಪಕ್ಕಕ್ಕಿಟ್ಟಳು. ‘ಎಲ್ಲಿ ಹೋಗ್ಲಿ ಹೇಳು. ನಿಮ್ಮಪ್ಪಗ ಹೇಳಿದ್ರ ನಗ್ತಿದ್ದ. ನೀ ಮಾಡೀದಿ ಅಂತ ತಿಳ್ಕೊಂಡ್ರಷ್ಟೇ ನನಗ ಆ ಮನ್ಯಾಗ ಒಲಿ ಹಚ್ಚಾಕ ಆಗ್ತಿತ್ತು. ನೀ ನಾನೇ ಮಾಡೀನಿ ಅಂದ ದಿನ ನನಗ ನಿದ್ದಿ ಹತ್ತಿತ್ತು ನೋಡು.’

ಕ್ಷಮಿಸು ಎನ್ನುವ ಮಾತು ನಮ್ಮ ಮನೆಯ ಭಾಷೆಯಲ್ಲಿಲ್ಲ. ಅವ್ವ ಎದ್ದು ಒಳಗೆ ಹೋದಳು. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ. ಇಪ್ಪತ್ತೇಳು ಇಪ್ಪತ್ತೆಂಟರ ಹೆಂಗಸೊಬ್ಬಳು, ಸುಡುವ ಮಧ್ಯಾಹ್ನ, ಖಾಲಿ ಮನೆಯಲ್ಲಿ ಒಬ್ಬಳೇ ಕೂತು ಗೋಡೆಯನ್ನು ನೋಡುತ್ತಿರುವುದು ಕಣ್ಣಿಗೆ ಕಟ್ಟಿತು. ಮೊಣಕಾಲ ಹಿಂದೆ ಚುರುಗುಟ್ಟಿದ್ದೂ ನಿಜ. ಎರಡೂ ಒಟ್ಟಿಗೇ ಇದ್ದವು, ಒಂದು ಇನ್ನೊಂದನ್ನು ಕಡಿಮೆ ಮಾಡಲಿಲ್ಲ.

ರಂಗಂಪೇಟೆಯಾಕೆ ಮನೆ ಬಿಡಲಿಲ್ಲ. ಮಗಳನ್ನು ಕೇಳಿದಳಂತೆ. ‘ಹೊಡಿಯಲ್ಲಂದ್ರ ನನಗೇನು ಅಂಜಿಕಿಲ್ಲ’ ಎಂದಳಂತೆ ಹುಡುಗಿ. ಆಕೆ ಒಬ್ಬ ಗೌಂಡಿಯನ್ನು ಕರೆಸಿ ಬಚ್ಚಲ ಬಾಗಿಲ ಪಕ್ಕ ಗೋಡೆಗೆ ಕಬ್ಬಿಣದ ಹಿಡಿಕೆ ಕೂರಿಸಿದಳು, ಮುದುಕರಿರುವ ಮನೆಯಲ್ಲಿ ಕೂರಿಸುತ್ತಾರಲ್ಲ ಅಂಥದು. ಗಂಡನಿಗೆ, ನಿಮ್ಮವ್ವ ಬಂದಾಗ ಬೇಕಾಗ್ತದ ಎಂದು ಹೇಳಿದಳು. ಗೋಡೆಗೆ ಸುಣ್ಣ ಬಳಿಸಿದಳು. ಗುಂಪಿಗೆ ಮರಳಿ ಸೇರಿದ ದಿನ, ‘ಅಕ್ಕಾ, ಕೇಳ್ರಿಲ್ಲಿ. ಗ್ವಾಡಿ ಒಣಗೇ ಅದ’ ಎಂದಳು. ಆಮೇಲೆ, ‘ಹಿಡಿಕಿ ಮಾತ್ರ ಹಸಿ ಇರ್ತದ. ಮಗಳು ಸಾಲಿಯಿಂದ ಬಂದು ಒಣಾ ಬಟ್ಟಿಲೆ ಒರಸ್ತಾಳ. ನಾ ಹೇಳಿಲ್ಲ’ ಎಂದಳು. ಆಪಾ ಅದಕ್ಕೆ ಉತ್ತರವಾಗಿ, ಆ ದಿನ ಗಿರಾಕಿಯೊಬ್ಬಳು ಒಂದೇ ಲಂಗವನ್ನು ನಾಲ್ಕನೇ ಸಲ ಬಿಚ್ಚಿಸಿದ ಕತೆ ಹೇಳಿದಳು. ಬೇಕೆಂದೇ ಹೇಳಿದಳು. ನಾವು ಆ ಲಂಗದ ಬಗ್ಗೆ ಅರ್ಧ ತಾಸು ಮಾತಾಡಿದೆವು.

ಹಿಡಿಕೆಯ ಸುದ್ದಿಯನ್ನು ಅವ್ವನಿಗೆ ಹೇಳಿದೆ. ಎರಡು ದಿನ ಬಿಟ್ಟು, ‘ಆ ಹುಡುಗಿಗೆ ಫೋನ್ ಹಚ್ಚಿ ಕೊಡು’ ಎಂದಳು. ಹಚ್ಚಿ ಕೊಟ್ಟೆ. ಅವ್ವ ಫೋನು ಹಿಡಿದು ಮಂಚದ ತುದಿಗೆ ಹೋಗಿ ಕೂತಳು. ಊಟ ಆಯಿತೇ, ಯಾವ ಇಯತ್ತೆ, ಅಕ್ಷರ ದುಂಡಗೆ ಬರೆಯುತ್ತೀಯೇನು ಎಂದೆಲ್ಲ ಕೇಳಿದಳು. ನಾನು ಅಡುಗೆಮನೆಯಲ್ಲಿ ಬೇಳೆಗೆ ಒಗ್ಗರಣೆ ಹಾಕುತ್ತಿದ್ದೆ. ದನಿ ತಗ್ಗಿತು. ನಾನು ಒಲೆ ಸಣ್ಣ ಮಾಡಿದೆ.

‘ಆಕಿ ನಿನಗ ಏನರ ಅಂದಾಳೇನವ್ವ?’ ಎಂದು ಅವ್ವ ಕೇಳುತ್ತಿದ್ದಳು.

ಆಪಾ, ನಾನು, ಆ ತಾಯಿ, ನಾವ್ಯಾರೂ ಗೋಡೆಗೆ ಕೈ ಊರುವ ಅದನ್ನು ಒಂದು ಸಲವೂ ‘ಆಕಿ’ ಎಂದಿರಲಿಲ್ಲ. ಆ ಕಡೆಯಿಂದ ಹುಡುಗಿ ಏನೋ ಹೇಳಿದಳು. ಅವ್ವ ಕೇಳಿದಳು, ತಲೆಯಾಡಿಸಿದಳು.

‘ಹೌದು’ ಎಂದಳು. ‘ನನಗೂ ಅದನ್ನೇ ಕೇಳ್ತಿದ್ಳು. ನೀ ಹೂಂ ಅನ್ನು, ಸಾಕು.’

ಫೋನು ಮರಳಿ ಕೊಡುವಾಗ ನಾನು ಅವ್ವನ ಮುಖ ನೋಡಿದೆ. ಏನು ಕೇಳುತ್ತಿದ್ದಳು ಎಂದೆ. ಅವ್ವ ನನ್ನ ಭುಜದ ಮೇಲಿಂದ ಅಡುಗೆಮನೆಯ ಕಡೆ ನೋಡಿ, ‘ಒಗ್ಗರಣಿ ಹೊತ್ತಾಕತ್ಯಾದ’ ಎಂದಳು. ಹೌದು, ಸಾಸಿವೆ ಕರ್ರಗಾಗಿತ್ತು. ನಾನು ಹೋಗಿ ಬಾಣಲೆ ಇಳಿಸಿದೆ.